ಹುಲುಗೇಶನಿಗೆ ಗುಟುಕು ಕಲಿಸಿದ್ದು

ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲಿ ಹುಲುಗೇಶ ಮಾಡಿದ ಗಾಯಗಳಿಗೆ ನಾನು ಹಾಕಿದಷ್ಟು ಹೊಲಿಗೆಯನ್ನು ಇನ್ಯಾರೂ ಹಾಕಿರಲಿಕ್ಕಿಲ್ಲ. ನಾನು ಜಂಬುನಾಥ, ಅದೇ ಊರಿನ ಒಂದು ಖಾಸಗಿ ದವಾಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕಂಪೌಂಡರ್. ಡಾಕ್ಟರು ನಾಡಿ ನೋಡುತ್ತಾರೆ, ಚೀಟಿ ಬರೆಯುತ್ತಾರೆ. ರಕ್ತ, ಕೀವು, ಕೂಗಾಟವೆಲ್ಲ ನನ್ನ ಪಾಲು. ಹುಲುಗೇಶ ಒಡೆದ ತುಟಿಗಳು, ಸೀಳಿದ ಹುಬ್ಬುಗಳು ನನ್ನ ಮೇಜಿಗೇ ಬರುತ್ತಿದ್ದವು. ಹೊಡೆಸಿಕೊಂಡವನನ್ನು ಎಷ್ಟೋ ಸಲ ಅವನೇ ಹೆಗಲ ಮೇಲೆ ಹೊತ್ತು ತರುತ್ತಿದ್ದ. ಎಪ್ಪತ್ತೈದು ಕಿಲೋ ಚೀಲ ಹೊರುವವನಿಗೆ ಅದೇನು ಭಾರ? ತಂದು ಮಲಗಿಸಿ, ಬಾಗಿಲಲ್ಲಿ ಕೈಕಟ್ಟಿ ನಿಂತು, ಸಣ್ಣ ಸೂಜಿಯಲ್ಲಿ ಹಾಕಿ ಸರ್, ಕಲೆ ಉಳಿಯಬಾರದು ಎಂದು ನನಗೇ ಬುದ್ಧಿ ಹೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನಿಗೆ ಆಗ ಮೂವತ್ತೊಂದು. ಕುಳ್ಳ, ಆದರೆ ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಮೈಕಟ್ಟು. ಚೀಲಕ್ಕೆ ಚುಚ್ಚಿ ಎಳೆಯುವ ಕಬ್ಬಿಣದ ಕೊಕ್ಕೆ ಸದಾ ಸೊಂಟದಲ್ಲಿ ಇರುತ್ತಿತ್ತು. ಅವನ ಗುಂಪಿನ ಹಮಾಲರಲ್ಲಿ ಒಂದು ಪದ್ಧತಿ ಇದೆ. ಲಾರಿ ತುಂಬಿ, ತಾಡಪಾಲು ಹೊದಿಸಿ, ಹಗ್ಗ ಬಿಗಿದ ಮೇಲೆ ಡ್ರೈವರು ತಲೆಗೊಂದು ಬೀರು ಕೊಡಿಸಬೇಕು. ಅದನ್ನು ನಿಂತೇ ಕುಡಿಯಬೇಕು, ಒಂದೇ ಉಸಿರಿಗೆ ಕುಡಿಯಬೇಕು. ಮೊದಲು ಮುಗಿಸಿದವನಿಗೆ ಮರುದಿನ ಲಾರಿಯ ಮೇಲೆ ನಿಂತು ಚೀಲ ಜೋಡಿಸುವ ಕೆಲಸ. ಉಳಿದವರಿಗೆ ಕೆಳಗಿನಿಂದ ಹೊರುವ ಕೆಲಸ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಅದೊಂದು ದೊಡ್ಡ ಪದವಿ. ಹುಲುಗೇಶ ಆ ಪದವಿಯನ್ನು ವರ್ಷಗಟ್ಟಲೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವನು ಬಾಟಲಿ ಎತ್ತಿದರೆ ಗಂಟಲು ಸಹ ಅಲ್ಲಾಡುತ್ತಿರಲಿಲ್ಲ, ಬೀರು ಸುಮ್ಮನೆ ಒಳಗೆ ಇಳಿದುಹೋಗುತ್ತಿತ್ತು.

ತೊಂದರೆ ಶುರುವಾಗುತ್ತಿದ್ದುದು ಆ ಮೇಲೆ. ಡ್ರೈವರು ಕೊಡಿಸಿದ ಒಂದು ಮುಗಿದರೆ ತನ್ನದೇ ದುಡ್ಡಿನಲ್ಲಿ ಇನ್ನೊಂದು, ಮತ್ತೊಂದು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಅವನ ಕೈ ತಾನಾಗಿ ಮೇಲೆ ಏಳುತ್ತಿತ್ತು. ಕುರುಗೋಡಿನ ಲಾರಿ ಡ್ರೈವರ್ ಹೊನ್ನೂರಸ್ವಾಮಿ ಒಮ್ಮೆ ಲೋಡು ಮುಗಿದ ಮೇಲೆ ಬೀರು ಕೊಡಿಸದೆ, ಹಮಾಲರಿಗೆ ನಳದ ನೀರು ಸಾಲದೇ ಎಂದು ನಕ್ಕು ಇಂಜಿನ್ ಚಾಲೂ ಮಾಡಿದ. ಹುಲುಗೇಶ ಕ್ಯಾಬಿನ್ನಿನ ಬಾಗಿಲು ತೆಗೆದು, ಕೊಕ್ಕೆಯನ್ನು ಅವನ ಬಲಗಿವಿಗೆ ಸಿಕ್ಕಿಸಿ ಕೆಳಗೆ ಎಳೆದ. ಚೀಲ ಎಳೆಯುವ ಹಾಗೆಯೇ ಎಳೆದ. ಕಿವಿಯ ಅರ್ಧ ಭಾಗ ಕೊಕ್ಕೆಯಲ್ಲೇ ಉಳಿಯಿತು. ಹೊನ್ನೂರಸ್ವಾಮಿ ಟೈರಿನ ಪಕ್ಕ ಹೊರಳಾಡುತ್ತಿದ್ದರೂ ಇವನು ಮುಖಕ್ಕೆ ಒದೆಯುವುದನ್ನು ನಿಲ್ಲಿಸಲಿಲ್ಲವಂತೆ. ನಾನು ಹೊಲಿದೆ, ಆದರೆ ಇಲ್ಲದ ಕಿವಿಯನ್ನು ಎಲ್ಲಿಂದ ತರಲಿ? ಗಿರಣಿಯ ಮಾಲೀಕರು ನಡುವೆ ಬಿದ್ದು ರಾಜಿ ಮಾಡಿಸಿದರು.

ಹುಲುಗೇಶನ ಹೆಂಡತಿ ಜ್ಯೋತಿಲಕ್ಷ್ಮಿ ಕರೂರಿನವಳು. ನಾಟಿ ಕೆಲಸಕ್ಕೆ ಹೋಗುತ್ತಿದ್ದ ಗಟ್ಟಿ ಹೆಂಗಸು, ಮಾತು ಕಡಿಮೆ. ಶಿವರಾತ್ರಿಯ ಮರುದಿನ ಮಧ್ಯಾಹ್ನ ಅವಳು ಮೂರು ವರ್ಷದ ಮಗಳನ್ನು ಸೊಂಟದಲ್ಲಿ ಇಟ್ಟುಕೊಂಡು ದವಾಖಾನೆಗೆ ಬಂದಳು. ಮುಖದ ಎಡಭಾಗವೆಲ್ಲ ರಕ್ತ. ಗಂಡ ಗೋಡೆಗೆ ಎಸೆದ ಬೀರು ಬಾಟಲಿ ಒಡೆದು, ಚೂರು ಹುಬ್ಬಿನ ಮೇಲೆ ಹೊಕ್ಕಿತ್ತು. ಚೂರು ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಮಗುವಿನ ಕೂದಲಲ್ಲೂ ಗಾಜಿನ ಪುಡಿ ಇತ್ತು. ನಾನು ಐದು ಹೊಲಿಗೆ ಹಾಕಿದೆ. ಅವಳು ಒಮ್ಮೆಯೂ ಅಯ್ಯೋ ಎನ್ನಲಿಲ್ಲ. ಪಟ್ಟಿ ಕಟ್ಟಿದ ಕೂಡಲೇ ಎದ್ದು ಕರೂರಿನ ಬಸ್ಸು ಹತ್ತಿದಳು.

ಹದಿನೈದು ದಿನ ಕಳೆದ ಮೇಲೆ ಹುಲುಗೇಶ ನನ್ನ ಮುಂದೆ ಬಂದು ನಿಂತ. ಕರೂರಿಗೆ ಜೊತೆಗೆ ಬರಬೇಕಂತೆ, ನನ್ನ ಮಾತನ್ನಾದರೂ ಹೆಂಡತಿ ಕೇಳಿಯಾಳಂತೆ. ಬೈದುಕೊಳ್ಳುತ್ತಲೇ ಹೋದೆ. ಕರೂರಿನ ಮನೆಯ ಕಟ್ಟೆಯ ಮೇಲೆ ಅವಳು ನನಗೆ ಚಹಾ ಕೊಟ್ಟಳು, ಅವನಿಗೆ ಕೊಡಲಿಲ್ಲ. ಇವನು ಕುಡಿಯುವುದನ್ನೇ ಬಿಡುತ್ತೇನೆ, ಮಗಳ ಮೇಲೆ ಆಣೆ ಎಂದು ಶುರು ಮಾಡಿದ. ಅವಳು ಅವನ ಕಡೆ ನೋಡದೆ ನನಗೆ ಹೇಳಿದಳು.

"ಕುಡಿಯೋದು ಬಿಡು ಅಂದ್ರ ಸುಳ್ಳು ಮಾತು ಕೊಡ್ತಾನ್ರಿ ಸರ್. ಅದು ನನಗ ಬ್ಯಾಡ. ದಸರಾ ತನಕ ಯಾರ ಮ್ಯಾಲೂ ಕೈ ಎತ್ತಬಾರದು. ಯಾರ ಮ್ಯಾಲೂ. ಎತ್ತಲಿಲ್ಲ ಅಂದ್ರ ಬನ್ನಿ ಮುಡಿಯೋ ದಿನ ನಾನಾಗೇ ಬರ್ತೀನಿ. ಎತ್ತಿದಾ ಅಂದ್ರ ಮಗಳ ಮುಖಾನೂ ತೋರಸಂಗಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಹುಲುಗೇಶ ಅತ್ತ. ಅಷ್ಟು ದೊಡ್ಡ ದೇಹ ಅಳುವುದನ್ನು ನೋಡಲಾಗದೆ ನಾನು ಕಿಟಕಿಯ ಹೊರಗೆ ಗದ್ದೆ ನೋಡುತ್ತಾ ಕುಳಿತೆ. ಆಗ ನನ್ನ ತಲೆಗೆ ಒಂದು ಘನಂದಾರಿ ವಿಚಾರ ಹೊಳೆಯಿತು. ನಾನೂ ಕುಡಿಯುವವನೇ. ದಿನಾ ಸಂಜೆ ದವಾಖಾನೆಯ ಮಾಳಿಗೆಯ ಮೇಲೆ ಕುಳಿತು ಅರವತ್ತು ಎಂಎಲ್ ವಿಸ್ಕಿಯನ್ನು ಒಂದು ಗಂಟೆ ಕುಡಿಯುತ್ತೇನೆ. ಇಪ್ಪತ್ತು ವರ್ಷದಿಂದ ಅಷ್ಟೇ, ಒಂದು ಹನಿ ಹೆಚ್ಚಿಲ್ಲ. ನನ್ನಿಂದ ಯಾರಿಗೂ ಒಂದು ಗೀರು ಬಿದ್ದಿಲ್ಲ ಎಂಬ ಹೆಮ್ಮೆ ನನಗೆ ಬೇಕಾದಷ್ಟಿತ್ತು. ಇವನ ಕೆಡುಕೆಲ್ಲ ಆ ಒಂದೇ ಉಸಿರಿನಲ್ಲಿದೆ, ಗುಟುಕು ಗುಟುಕಾಗಿ ಕುಡಿಯುವುದನ್ನು ಕಲಿಸಿದರೆ ಕೈಯೂ ನಿಧಾನವಾದೀತು ಎಂದು ಲೆಕ್ಕ ಹಾಕಿದೆ. ಮರುದಿನ ಸಂಜೆ ಮಾಳಿಗೆಗೆ ಬಾ ಎಂದೆ.

ಬಂದ. ಸ್ಟೀಲ್ ಲೋಟದಲ್ಲಿ ಮೂವತ್ತು ಎಂಎಲ್ ಹಾಕಿ ಕೊಟ್ಟೆ. ನಾನು ನೀರಿನ ಚೊಂಬು ಎತ್ತಿಕೊಳ್ಳುವಷ್ಟರಲ್ಲಿ ನಿಂತಲ್ಲೇ ಗಂಟಲಿಗೆ ಸುರಿದುಕೊಂಡು, ಖಾಲಿ ಲೋಟವನ್ನು ಮತ್ತೆ ಮುಂದೆ ಚಾಚಿದ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಮೊಳೆ ನುಂಗಿದ ಹಾಗಾಯಿತು, ಇದನ್ನು ದುಡ್ಡು ಕೊಟ್ಟು ಯಾರಾದರೂ ಕುಡಿಯುತ್ತಾರೆಯೇ ಎಂದು ಕೇಳಿದ. ಕುಳಿತುಕೋ ಎಂದರೆ ಕೂರಲೊಲ್ಲ. ಲಾರಿ ಗೇಟು ದಾಟುವ ತನಕ ಹಮಾಲರು ಕೂರುವುದಿಲ್ಲ. ಆ ಅಭ್ಯಾಸ ಮೊಣಕಾಲಿನಲ್ಲೇ ಬೇರು ಬಿಟ್ಟಿತ್ತು.

ಮೂರನೆಯ ದಿನ ಅನಾಹುತವಾಯಿತು. ವಿಸ್ಕಿ ಕಲಿಯುತ್ತಿದ್ದೇನೆ ಎಂದು ಇವನು ಗುಂಪಿನಲ್ಲಿ ಹೇಳಿಕೊಂಡಿದ್ದ. ಅವರು ಬಿಡುತ್ತಾರೆಯೇ? ಲೋಡು ಮುಗಿದ ಮೇಲೆ ಒಂದು ಕ್ವಾರ್ಟರ್ ತರಿಸಿ ಕೈಗೆ ಕೊಟ್ಟರು. ಇವನು ಅದನ್ನು ದೊಡ್ಡ ಮಗ್ಗಿಗೆ ಸುರಿದ. ನಾನು ನೀರು ಬೆರೆಸಬೇಕು ಎಂದು ಹೇಳಿದ್ದೆ. ಆದರೆ ದುಡಿದು ದಣಿದವನು ನೀರು ಕುಡಿದರೆ ಅವಮಾನ ಎಂಬುದು ಹಮಾಲರ ನ್ಯಾಯ. ಆದ್ದರಿಂದ ನೀರಿನ ಜಾಗದಲ್ಲಿ ಮಗ್ಗು ತುಂಬ ಬೀರು ಹಾಕಿದ. ಒಂದೇ ಉಸಿರಿಗೆ ಇಳಿಸಿದ. ಹತ್ತು ನಿಮಿಷಕ್ಕೆ ಗಿರಣಿಗೆ ಗೂಳಿ ಹೊಕ್ಕಂತಾಯಿತು. ಉಳಿದವರು ಹೊಟ್ಟಿನ ರಾಶಿಯ ಹಿಂದೆ ಓಡಿದರು. ಹೊಡೆಯಲು ಮನುಷ್ಯರು ಸಿಗಲಿಲ್ಲ. ಗೋದಾಮಿನ ಕಬ್ಬಿಣದ ಶಟರಿಗೆ ಗುದ್ದಿದ, ತಗಡು ತಗ್ಗು ಬೀಳುವ ತನಕ ಗುದ್ದಿದ, ಆಮೇಲೆ ಹಣೆಯಿಂದ ಗುದ್ದಿದ.

ನನ್ನ ಮೇಜಿಗೆ ಬಂದಾಗ ಬಲಗೈಯ ಎರಡು ಗೆಣ್ಣು ಒಡೆದಿದ್ದವು, ಬಿಳಿ ಮೂಳೆ ಕಾಣುತ್ತಿತ್ತು. ಹಣೆಯ ಚರ್ಮ ಜೋತಾಡುತ್ತಿತ್ತು. ಮನುಷ್ಯರ ಮೇಲೆ ಕೈ ಎತ್ತಿಲ್ಲ, ಶಟರ್ ಮೇಲೆ ಎತ್ತಿದ್ದೇನೆ, ಇದು ಲೆಕ್ಕಕ್ಕೆ ಬರುವುದಿಲ್ಲ ಅಲ್ಲವೇ ಎಂದು ವಕೀಲನ ಹಾಗೆ ವಾದಿಸಿದ. ನನಗೆ ತಲೆ ಕೆಟ್ಟುಹೋಯಿತು. ಫಟ್ಟೆಂದು ಅವನ ಕಪಾಳಕ್ಕೆ ಒಂದು ಬಿಟ್ಟೆ. ಅವನು ತಲೆ ತಗ್ಗಿಸಿ ಕುಳಿತ. ನಾನು ಹೊಡೆದದ್ದನ್ನು ನಾವಿಬ್ಬರೂ ಹೊಡೆತ ಎಂದು ಎಣಿಸಲಿಲ್ಲ.

ಆಮೇಲಿನ ಪಾಠ ಬೇರೆ ರೀತಿ ನಡೆಯಿತು. ಮೊದಲ ವಾರ ಬರೀ ಕೂರುವುದು. ಎರಡನೆಯ ವಾರ, ಒಂದು ಗುಟುಕಾದ ಮೇಲೆ ಲೋಟವನ್ನು ನೆಲಕ್ಕಿಟ್ಟು ಕೈ ಖಾಲಿ ಮಾಡಿಕೊಳ್ಳುವುದು. ಎರಡು ಗುಟುಕಿನ ನಡುವೆ ಹತ್ತು ಶೇಂಗಾ ಸುಲಿದು ತಿನ್ನಬೇಕು ಎಂದು ಕಟ್ಟು ಮಾಡಿದೆ. ಗಾಯವಾದ ಕೈಯಲ್ಲಿ ಸುಲಿಯಲು ಒದ್ದಾಡುತ್ತಿದ್ದ, ಅದರಿಂದ ಇನ್ನಷ್ಟು ಹೊತ್ತು ಹಿಡಿಯುತ್ತಿತ್ತು. ಬೀರು ತಣ್ಣಗೆ ಒಳಗೆ ಹೋಗುತ್ತದೆ, ಇದು ಬೆಚ್ಚಗೆ ಹೋಗುತ್ತದೆ. ಅದಕ್ಕೆ ಹೊಟ್ಟೆ ಬೇಕು, ಇದಕ್ಕೆ ನಾಲಿಗೆ ಸಾಕು ಎಂದು ವಿವರಿಸಿದೆ. ಇದೆಲ್ಲ ಜನಿವಾರ ಹಾಕಿಕೊಂಡಷ್ಟು ನೇಮದ ಕೆಲಸ ಎಂದು ಗೊಣಗಿದ.

ಒಂದು ಸಂಜೆ ಲೋಟವನ್ನು ಮೂಗಿನ ಹತ್ತಿರ ಹಿಡಿದವನು ಹಾಗೇ ಕುಳಿತುಬಿಟ್ಟ. ಏನಾಯಿತೋ ಎಂದೆ. ಇದರಲ್ಲಿ ಭತ್ತ ಬೇಯಿಸುವ ವಾಸನೆ ಇದೆ ಎಂದ. ಕುಸುಬಲಕ್ಕಿಗೆ ಭತ್ತ ನೆನೆಸಿ, ಬಾಯ್ಲರಿನಲ್ಲಿ ಉಗಿ ಕೊಟ್ಟಾಗ ಮೊದಲ ಐದು ನಿಮಿಷ ಬರುವ ವಾಸನೆಯಂತೆ. ನನಗೆ ಇಪ್ಪತ್ತು ವರ್ಷದಲ್ಲಿ ಅದು ಗೊತ್ತಾಗಿರಲಿಲ್ಲ. ಸೋನಾ ಮಸೂರಿ ಹಳೆಯದೋ ಹೊಸದೋ ಎಂದು ಚೀಲದ ಹೊರಗಿನಿಂದಲೇ ಮೂಸಿ ಹೇಳುವ ಮೂಗು ಅವನದು. ಬೀರಿನ ನೊರೆಯಲ್ಲಿ ಆ ಮೂಗಿಗೆ ಕೆಲಸವೇ ಇರಲಿಲ್ಲ. ಅಂದಿನಿಂದ ಅವನು ನನಗಿಂತ ನಿಧಾನವಾಗಿ ಕುಡಿಯತೊಡಗಿದ. ಹನಿ ನೀರು ಹಾಕಿ ಮೂಸುತ್ತಿದ್ದ, ಇನ್ನೊಂದು ಹನಿ ಹಾಕಿ ಮತ್ತೆ ಮೂಸುತ್ತಿದ್ದ. ನನಗೆ ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು.

ಆದರೆ ನಿಧಾನವಾದಷ್ಟೂ ಅವನಿಗೆ ನೆನಪು ಬರತೊಡಗಿತು. ಮಳೆಗಾಲದುದ್ದಕ್ಕೂ ಮಾಳಿಗೆಯ ಮೇಲೆ ಅವನು ತಾನು ಹೊಡೆದವರ ಕಥೆಯನ್ನೇ ಹೇಳಿದ. ಯಾರ ಹಲ್ಲು ಯಾವ ಕಡೆಯದು ಬಿತ್ತು, ಕೆಳಗೆ ಬಿದ್ದವನು ಏನೆಂದು ಕೂಗಿದ, ಬೆರಳು ಮುರಿಯುವಾಗ ಎಂಥ ಸದ್ದು ಬಂತು ಎಂಬುದೆಲ್ಲ ಅವನಿಗೆ ನೆನಪಿತ್ತು. ಕೇಳಿ ಕೇಳಿ ನನಗೆ ಊಟ ಸೇರುತ್ತಿರಲಿಲ್ಲ. ಹೊನ್ನೂರಸ್ವಾಮಿಯ ಕಿವಿಯ ವಿಷಯಕ್ಕೆ ಬಂದಾಗ ಲೋಟವನ್ನು ಕೆಳಗಿಟ್ಟ. "ಬೀರ್ ಕುಡದ್ರ ಮರತು ಹೋಗತಿತ್ತು ಸರ್," ಎಂದ. "ಇದು ಮರಸಂಗಿಲ್ಲ." ಹೋಗಿ ಕ್ಷಮೆ ಕೇಳು ಎಂದು ನಾನೇ ಬುದ್ಧಿ ಹೇಳಿದೆ. ಎಲ್ಲ ಬುದ್ಧಿಯನ್ನೂ ನಾನೇ ಹೇಳುತ್ತಿದ್ದೆ.

ಅವನು ಕುರುಗೋಡಿಗೆ ಹೋದ. ಹೊನ್ನೂರಸ್ವಾಮಿ ಲಾರಿ ತೆಗೆದುಕೊಂಡು ಹೊರಗೆ ಹೋಗಿದ್ದ. ಬಾಗಿಲಲ್ಲಿ ಹುಲುಗೇಶನನ್ನು ಕಂಡು ಹೊನ್ನೂರಸ್ವಾಮಿಯ ಹೆಂಡತಿ ಚಿಲಕ ಹಾಕಿಕೊಂಡಳು. ಇವನು ಹೊರಗೆ ಒಂದು ತಾಸು ಕಾದು, ಮತ್ತೆ ಬರುತ್ತೇನೆ ಎಂದು ಹೇಳಿ ಬಂದ. ಕ್ಷಮೆ ಕೇಳಲು ಬಂದದ್ದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಮನೆಯ ತನಕ ಹುಡುಕಿಕೊಂಡು ಬಂದು ಬೆದರಿಸಿ ಹೋದ ಎಂದು ಆ ಹೆಂಗಸು ಗಂಡನಿಗೆ ಫೋನು ಮಾಡಿದಳು.

ಆಯುಧ ಪೂಜೆ ಬಂತು. ಆರೂವರೆ ತಿಂಗಳು ಅವನು ಒಂದು ನಾಯಿಯ ಮೇಲೂ ಕೈ ಎತ್ತಿರಲಿಲ್ಲ. ಮರುದಿನ ಬನ್ನಿ ಮುಡಿದು ಜ್ಯೋತಿಲಕ್ಷ್ಮಿ ಬರುವವಳು. ಮನೆಗೆ ಸುಣ್ಣ ಹೊಡೆದಿದ್ದ, ಮಗಳಿಗೆ ಕೆಂಪು ಲಂಗ ತಂದಿದ್ದ. ಆ ಸಂಜೆ ತಾನೇ ನನಗೆ ಕುಡಿಸುತ್ತೇನೆ, ಬಾರಿಗೇ ಹೋಗೋಣ ಎಂದು ಹಟ ಹಿಡಿದ. ಬಳ್ಳಾರಿ ರಸ್ತೆಯ ಒಂದು ಬಾರಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಕುಳಿತೆವು. ಹೊರಗೆ ಬಾಳೆಕಂದು, ಚೆಂಡುಹೂ ಕಟ್ಟಿದ ಲಾರಿಗಳು ಸಾಲಾಗಿ ನಿಂತಿದ್ದವು. ಹುಲುಗೇಶ ಸಪ್ಲೈಯರನಿಗೆ ಐಸ್ ಬೇಡ, ವಾಸನೆ ಸಾಯುತ್ತದೆ ಎಂದು ಹೇಳಿದ್ದು ಕೇಳಿ ನನ್ನ ಎದೆ ಉಬ್ಬಿತು.

ಎರಡನೆಯ ಗುಟುಕು ಇರಬೇಕು. ಹೊನ್ನೂರಸ್ವಾಮಿ ಒಳಗೆ ಬಂದ. ಕೈಯಲ್ಲಿ ಲಾರಿಯ ಚಕ್ರ ಬಿಚ್ಚುವ ಪಾನಾ, ಅದಕ್ಕೆ ಆಗಷ್ಟೇ ಪೂಜೆ ಮಾಡಿದ ವಿಭೂತಿ, ಕುಂಕುಮ. "ನನ್ ಮನಿ ಬಾಗಲಿಗೆ ಬರ್ತೀಯೇನಲೇ?" ಎಂದವನೇ ಬೀಸಿದ. ಮೊದಲ ಏಟಿಗೆ ಹುಲುಗೇಶನ ಎಡಗಡೆಯ ಕೊರಳೆಲುಬು ಮುರಿಯಿತು. ಆ ಸದ್ದು ನನಗೆ ಕೇಳಿಸಿತು. ಶೆಡ್ಡಿನಲ್ಲಿದ್ದವರೆಲ್ಲ ಹೊರಗೆ ಓಡಿದರು. ಹುಲುಗೇಶ ಏಳಲಿಲ್ಲ. ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಕುಳಿತುಬಿಟ್ಟ. ಎರಡನೆಯ ಏಟು ಬೆನ್ನಿಗೆ ಬಿತ್ತು, ಮೂರನೆಯದು ದವಡೆಗೆ. ರಕ್ತದ ಜೊತೆ ಹಲ್ಲು ಮೇಜಿನ ಮೇಲೆ ಉದುರಿತು. ತಪ್ಪಾಯಿತು ಎನ್ನಲು ಬಾಯಿ ತೆರೆದ, ಬರೀ ರಕ್ತ ಬಂತು. ಎದ್ದೇಳು, ಕೈ ಎತ್ತು ಎಂದು ಹೊನ್ನೂರಸ್ವಾಮಿ ಕಿರುಚುತ್ತಾ ಹೊಡೆಯುತ್ತಲೇ ಇದ್ದ. ಅವನೂ ಅಳುತ್ತಿದ್ದ.

ಪಕ್ಕದ ಮೇಜಿನ ಮೇಲೆ ಯಾರೋ ಬಿಟ್ಟು ಓಡಿದ ಬೀರು ಬಾಟಲಿ ಇತ್ತು. ಅದನ್ನು ಎತ್ತಿಕೊಂಡು ಹೊನ್ನೂರಸ್ವಾಮಿಯ ಹಿಂದೆ ಹೋಗಿ ತಲೆಗೆ ಹೊಡೆದೆ. ಬಾಟಲಿ ಒಡೆಯಲಿಲ್ಲ. ಇನ್ನೊಂದು ಹೊಡೆದೆ. ಅವನು ಮುಗ್ಗರಿಸಿ ಬಿದ್ದ, ಪಾನಾ ಕೈಯಿಂದ ಜಾರಿ ದೂರ ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು. ಬಿದ್ದವನ ಮೇಲೆ ಬಗ್ಗಿ ಮೂರನೆಯದನ್ನು ಹೊಡೆದೆ, ಆಗ ಬಾಟಲಿ ಒಡೆಯಿತು. ಸುಳ್ಳೇಕೆ ಹೇಳಲಿ, ನನಗೆ ಸುಖವಾಯಿತು. ಇಪ್ಪತ್ತೆಂಟು ವರ್ಷ ಊರಿನವರ ರಕ್ತ ಒರೆಸಿದ ಸಿಟ್ಟೆಲ್ಲ ಆ ಕೈಗೆ ಬಂದಿತ್ತು. ಉಳಿದ ಚೂಪಾದ ತುಂಡನ್ನು ಕುತ್ತಿಗೆಗೆ ಹಾಕಲು ಎತ್ತಿದ್ದೆ. ಹುಲುಗೇಶ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದು ಅದನ್ನು ಕಿತ್ತುಕೊಂಡ. ಓಡಿದ್ದ ಜನ ತಿರುಗಿ ಬಂದು ನೋಡಿದಾಗ ಒಡೆದ ಬಾಟಲಿ ಅವನ ಕೈಯಲ್ಲಿತ್ತು.

ಇಬ್ಬರನ್ನೂ ಒಂದೇ ಆಟೋದಲ್ಲಿ ದವಾಖಾನೆಗೆ ತಂದೆ. ಹೊನ್ನೂರಸ್ವಾಮಿಯ ತಲೆಗೆ ಹನ್ನೊಂದು ಹೊಲಿಗೆ ಹಾಕಿದೆ. ಸೂಜಿ ಹಿಡಿದ ಕೈ ನಡುಗಲಿಲ್ಲ, ಅದೇ ನನಗೆ ಹೇಸಿಗೆ ಹುಟ್ಟಿಸಿತು. ಪ್ರಾಣಕ್ಕೇನೂ ಇಲ್ಲ, ಆದರೂ ತಲೆಯ ಸ್ಕ್ಯಾನ್ ಆಗಲಿ ಎಂದು ಡಾಕ್ಟರು ಅವನನ್ನು ಬಳ್ಳಾರಿಗೆ ಕಳಿಸಿದರು. ಹಿಂದಿನಿಂದ ಬಿದ್ದ ಏಟು ಯಾರದೆಂದು ಅವನು ನೋಡಿರಲಿಲ್ಲ. ಹುಲುಗೇಶನ ತೋಳಿಗೆ ಜೋಳಿಗೆ ಕಟ್ಟುವಾಗ ಅವನು ಊದಿದ ಬಾಯಲ್ಲಿ ಮೆಲ್ಲಗೆ ಕೇಳಿದ. "ನಾನು ಎತ್ತಲಿಲ್ಲ ಸರ್. ನೀವು ನೋಡಿದ್ರಲ್ಲ?" ನೋಡಿದೆ ಎಂದೆ. ಅಷ್ಟರಲ್ಲಿ ಪೊಲೀಸರು ಬಂದರು. ಅವರು ನನ್ನನ್ನು ಏನೂ ಕೇಳಲಿಲ್ಲ. ಕೇಳದಿದ್ದುದಕ್ಕೆ ನಾನು ಏನೂ ಹೇಳಲಿಲ್ಲ. ಅವನೂ ನನ್ನ ಹೆಸರು ಎತ್ತದೆ ಜೀಪು ಹತ್ತಿದ.

ನಾನು ಹೇಡಿ. ಬೇರೆ ಹೆಸರಿನಿಂದ ಅದನ್ನು ಕರೆಯುವುದಿಲ್ಲ. ಮನೆಗೆ ಹೋಗಿ ಹೆಂಡತಿ ಸುನಂದಾ ಬಡಿಸಿದ್ದನ್ನು ಉಂಡೆ. ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆದು, ಬಂದವರಿಗೆ ಇಂಜೆಕ್ಷನ್ ಕೊಟ್ಟೆ. ಹುಲುಗೇಶ ಮತ್ತೆ ಶುರು ಮಾಡಿದನಂತೆ, ಆ ಜಾತಿಯೇ ಹಾಗೆ ಎಂದು ಬೆಂಚಿನ ಮೇಲೆ ಕುಳಿತ ಒಬ್ಬರು ಹೇಳಿದರು. ನಾನು ಅದಕ್ಕೂ ಸುಮ್ಮನಿದ್ದೆ.

ಮಧ್ಯಾಹ್ನ ಜ್ಯೋತಿಲಕ್ಷ್ಮಿ ಬಂದಳು. ತಲೆಯಲ್ಲಿ ಬನ್ನಿ ಎಲೆ, ಸೊಂಟದಲ್ಲಿ ಮಗಳು, ಕೈಯಲ್ಲಿ ಬಟ್ಟೆಯ ಗಂಟು. ಬಸ್ ನಿಲ್ದಾಣದಲ್ಲೇ ಯಾರೋ ಸುದ್ದಿ ಹೇಳಿದ್ದರು. ಮನೆಗೂ ಹೋಗದೆ, ಠಾಣೆಗೂ ಹೋಗದೆ ನೇರ ನನ್ನ ಹತ್ತಿರ ಬಂದಿದ್ದಳು.

"ಊರು ಏನರ ಅಂದ್ಕೊಳ್ಳಲಿ. ನೀವು ಹೇಳ್ರಿ ಸರ್. ಅವ ಕೈ ಎತ್ತಿದನೋ ಇಲ್ಲೋ?"

ಇಲ್ಲ ಎಂದೆ.

"ಮತ್ತ ಹೊಡದೋರು ಯಾರು?"

ಬೆಂಚಿನ ಮೇಲೆ ನಾಲ್ಕು ಜನ ಕುಳಿತಿದ್ದರು. ಹೊಡೆದದ್ದು ನಾನು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಹುಬ್ಬಿನ ಮೇಲಿನ ಐದು ಹೊಲಿಗೆಯ ಗುರುತು ಬೆಳ್ಳಗೆ ಕಾಣುತ್ತಿತ್ತು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಅವ ನಿನ್ನೆ ಸಂಜಿಯಿಂದ ಒಳಗ ಅದಾನ," ಎಂದಳು. "ನೀವು ಹೊರಗ ಅದೀರಿ."

ಬಿಳಿ ಕೋಟು ಬಿಚ್ಚಿಟ್ಟು ಅವಳ ಹಿಂದೆ ನಡೆದೆ. ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅವರ ತಾಯಿಗೆ ನಾನೇ ಇಂಜೆಕ್ಷನ್ ಕೊಡುವುದು. ಮೂಲೆಯ ನೆಲದಲ್ಲಿ ಗೋಡೆಗೆ ಒರಗಿ ಹುಲುಗೇಶ ಕುಳಿತಿದ್ದ. ಮುಖ ಒಂದು ಕಡೆ ಊದಿ ಕಣ್ಣು ಮುಚ್ಚಿತ್ತು. ಹೊಡೆದದ್ದು ನಾನು ಎಂದು ಹೇಳಿದೆ. ಅವರು ನಕ್ಕರು. ಕಂಪೌಂಡರ್ ಸಾಹೇಬರಿಗೆ ಎಲ್ಲರ ಮೇಲೂ ಕನಿಕರ, ಇಂಥವನಿಗಾಗಿ ಸುಳ್ಳು ಹೇಳಿ ಹೆಸರು ಕೆಡಿಸಿಕೊಳ್ಳಬೇಡಿ ಎಂದರು. ಬರೆದುಕೊಳ್ಳಿ ಎಂದೆ. ಚಹಾ ಆರುತ್ತದೆ ಕುಡಿಯಿರಿ ಎಂದರು.

ಆಗ ನಾನು ಗಾಯಗಳ ಲೆಕ್ಕ ಹೇಳಿದೆ. ಹೊನ್ನೂರಸ್ವಾಮಿಯ ತಲೆಯಲ್ಲಿ ಮೂರು ಗಾಯ. ಎರಡು ನೆತ್ತಿಯ ಹಿಂದೆ, ನಿಂತಾಗ ಬಿದ್ದವು, ಅಲ್ಲಿ ಗಾಜಿಲ್ಲ. ಮೂರನೆಯದು ಬಲಗಡೆ, ಅರ್ಧ ಕಿವಿ ಇಲ್ಲದ ಕಡೆ, ನೆಲಕ್ಕೆ ಬಿದ್ದ ಮೇಲೆ ಬಗ್ಗಿ ಹೊಡೆದದ್ದು, ಅದರಲ್ಲಿ ಗಾಜಿನ ಏಳು ಚೂರು ಇದ್ದವು. ಅವನ ಎದುರಿಗೆ ಕುಳಿತು ಏಟು ತಿನ್ನುತ್ತಿದ್ದವನು ಅವನ ಹಿಂದಿನಿಂದ ಹೇಗೆ ಹೊಡೆಯುತ್ತಾನೆ? ಬಿದ್ದವನನ್ನು ಕೊಲ್ಲಲು ನಾಲ್ಕನೆಯದಕ್ಕೆ ಕೈ ಎತ್ತಿದ್ದೆ, ತಡೆದವನು ಅಲ್ಲಿ ಕುಳಿತಿದ್ದಾನೆ ಎಂದು ತೋರಿಸಿದೆ.

ಸಬ್ ಇನ್ಸ್‌ಪೆಕ್ಟರರ ನಗು ನಿಂತಿತು. ಹುಲುಗೇಶನ ಕಡೆ ನೋಡಿ ಹೌದೇನೋ ಎಂದರು. ಅವನು ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಕೈ ಎತ್ತಿಲ್ಲ ಎಂದಷ್ಟೇ ಹೇಳಿದ, ನನ್ನ ಮೇಲೆ ಒಂದು ಮಾತೂ ಹೇಳಲಿಲ್ಲ. ಜ್ಯೋತಿಲಕ್ಷ್ಮಿ ಹೋಗಿ ಅವನ ಮುಂದೆ ಕುಳಿತು, ಮಗಳನ್ನು ಅವನ ತೊಡೆಯ ಮೇಲೆ ಇಟ್ಟಳು. ಮಗು ಊದಿದ ಮುಖ ಕಂಡು ಅತ್ತಿತು, ಆದರೂ ಅವಳು ವಾಪಸು ಎತ್ತಿಕೊಳ್ಳಲಿಲ್ಲ.

ರೈಟರ್ ನನ್ನ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ ಎಲ್ಲ ಬರೆದುಕೊಂಡ. ಹುಲುಗೇಶನಿಂದ ಸಹಿ ತೆಗೆದುಕೊಂಡು, ಕರೆದಾಗ ಬರಬೇಕೆಂದು ಹೇಳಿ ಬಿಟ್ಟರು. ಅವನು ಹೆಂಡತಿಯ ಹೆಗಲು ಹಿಡಿದು ಎದ್ದ. ಮೂವರೂ ಹೊರಗೆ ಹೋದರು. ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ. ಕಾನ್‌ಸ್ಟೆಬಲ್ ಚಹಾದ ಲೋಟ ಎತ್ತಿಕೊಂಡು ಹೋದ. ಸಬ್ ಇನ್ಸ್‌ಪೆಕ್ಟರ್ ನನಗೆ ಕುರ್ಚಿಯಿಂದ ಏಳಲು ಹೇಳಿದರು. ಹುಲುಗೇಶ ಎದ್ದುಹೋದ ನೆಲದ ಜಾಗ ಇನ್ನೂ ಬೆಚ್ಚಗಿತ್ತು, ನಾನು ಅಲ್ಲಿ ಕುಳಿತೆ.